ಎಳೆಯೋ ಗಾಡಿಗೆ ಓಡೋ ಟ್ಯೂನ್ ಯಾಕೆ?

ನಮ್ಮ ಡೆನ್ವರ್ ಕಡೆ ಕನ್ನಡ ಸಂಘದ ಪಿಕ್ನಿಕ್ ಅಂದ್ರೆ ಮೊದಲು ಬಿಸಿಬೇಳೆಬಾತು, ಆಮೇಲೆ ಮನೆ ಸಾಲದ ಬಡ್ಡಿ, ಅದೂ ಮುಗಿದ ಮೇಲೆ ಗಾಡಿ. ಈ ಸಲ ಒಬ್ಬ ಹುಡುಗ ಪ್ಲೇಟ್ ಕೈಯಲ್ಲಿ ಹಿಡಿದುಕೊಂಡೇ ನನ್ನ ಪಿಕಪ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದ. "ಅಣ್ಣ, ಟ್ಯೂನ್ ಮಾಡ್ಸಿದೀರಾ? ನಾನೊಂದು ನೋಡಿಟ್ಟಿದೀನಿ. 120 ಎಚ್‌ಪಿ ಜಾಸ್ತಿ ಆಗುತ್ತಂತೆ, ಡಿಲೀಟ್ ಕೂಡ ಅದರಲ್ಲೇ ಸೇರಿದೆಯಂತೆ. ಮುಂದಿನ ತಿಂಗಳು ಟ್ರೇಲರ್ ಬರ್ತಿದೆ, ಎಳೆಯೋಕೆ ಬೇಕಲ್ವಾ?"

"ಬೇಡ ಕಣಪ್ಪ" ಅಂದೆ. ಅವನು ನಕ್ಕುಬಿಟ್ಟ. ಮಜ್ಜಿಗೆ ಲೋಟ ಹಿಡ್ಕೊಂಡು ಅರ್ಧ ಗಂಟೆ ಭಾಷಣ ಮಾಡೋದು ಚೆನ್ನಾಗಿರಲ್ಲ ಅಂತ ಸುಮ್ಮನಾದೆ. ಆ ಭಾಷಣ ಈಗ ಇಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಈಗಿನ ಎಂಜಿನ್‌ಗೆ ಎಷ್ಟು ಡೀಸೆಲ್ ಚಿಮ್ಮಬೇಕು, ಯಾವ ಕ್ಷಣದಲ್ಲಿ ಚಿಮ್ಮಬೇಕು, ಟರ್ಬೊ ಎಷ್ಟು ಗಾಳಿ ತುಂಬಬೇಕು ಅನ್ನೋದನ್ನೆಲ್ಲ ಒಂದು ಕಂಪ್ಯೂಟರ್ ತೀರ್ಮಾನಿಸುತ್ತೆ. ಅದರೊಳಗಿನ ಲೆಕ್ಕದ ಕೋಷ್ಟಕಗಳನ್ನು ಬದಲಾಯಿಸೋದೇ ಟ್ಯೂನ್. ಲ್ಯಾಪ್‌ಟಾಪಿನಿಂದ ಕೇಬಲ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಅಮೆರಿಕದಲ್ಲಿ ಡೀಸೆಲ್ ಪಿಕಪ್ ಇಟ್ಟುಕೊಂಡವರಿಗೆ ಇದು ಹೆಚ್ಚುಕಡಿಮೆ ಧರ್ಮದ ವಿಷಯ.

ನಾನು ಟ್ಯೂನ್ ವಿರೋಧಿಯಲ್ಲ. ನನ್ನ ಗಾಡಿಯಲ್ಲೂ ಇದೆ. ನನ್ನ ಜಗಳ ಇರೋದು ಟ್ರೇಲರ್ ಎಳೆಯುವವನಿಗೆ ರೇಸ್ ಓಡುವವನ ಸಾಮಾನು ಮಾರುವ ವ್ಯಾಪಾರದ ಜೊತೆ. ಅದನ್ನು ಕಣ್ಮುಚ್ಚಿ ಕೊಳ್ಳುವ ನಮ್ಮಂಥ ಓದಿದವರ ಜೊತೆ ಇನ್ನೂ ಜಾಸ್ತಿ. ನಾನೂ ಒಮ್ಮೆ ಹಾಗೇ ಕೊಂಡವನು, ಅದಕ್ಕೇ ಈ ಸಿಟ್ಟು.

ಮೊದಲು ಲೆಕ್ಕ ನೋಡೋಣ. ಪಿಯುಸಿ ಫಿಸಿಕ್ಸ್ ಸಾಕು. ನನ್ನ ಪಿಕಪ್, ಅದರಲ್ಲಿ ಕೂತ ನಾವು, ಹಿಂದಿನ ಟ್ರೇಲರ್ ಎಲ್ಲ ಸೇರಿ 15,000 ಪೌಂಡ್, ಅಂದರೆ ಸುಮಾರು 6,800 ಕಿಲೋ. ಡೆನ್ವರಿನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿ ಹಿಡಿದರೆ ಐಸೆನ್‌ಹೋವರ್ ಸುರಂಗದವರೆಗೂ ಏರು, ಕಡಿದಾದ ಕಡೆ ನೂರಕ್ಕೆ ಏಳರಷ್ಟು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ಈ ಆರೂ ಮುಕ್ಕಾಲು ಟನ್ನನ್ನು ಪ್ರತಿ ಸೆಕೆಂಡಿಗೆ ಒಂದೂವರೆ ಮೀಟರ್ ಮೇಲಕ್ಕೆ ಎತ್ತಿದ ಹಾಗೆ. ಅದಕ್ಕೆ ಬೇಕಾದದ್ದು ಸುಮಾರು 140 ಎಚ್‌ಪಿ. ಗಾಳಿಯ ತಡೆ, ಟಯರಿನ ಉಜ್ಜಾಟ, ಗೇರ್‌ಬಾಕ್ಸಿನಲ್ಲಿ ಸೋರುವುದು ಎಲ್ಲ ಸೇರಿಸಿ ಧಾರಾಳವಾಗಿ 220 ಅನ್ನಿ.

ಹತ್ತು ಹನ್ನೆರಡು ವರ್ಷ ಹಳೆಯ ಮುಕ್ಕಾಲು ಟನ್ನಿನ ಡೀಸೆಲ್ ಪಿಕಪ್ಪುಗಳೇ ಕಾರ್ಖಾನೆಯಿಂದ 350ರಿಂದ 400 ಎಚ್‌ಪಿ ಹೊತ್ತು ಬಂದಿವೆ. ಹೊಸವು ಅದಕ್ಕೂ ಮೇಲೆ. ಹಾಗಿದ್ದರೆ ಆ ಹೆಚ್ಚಿನ 120 ಯಾವ ಕೆಲಸಕ್ಕೆ? ಬೆಟ್ಟವನ್ನು 80ರ ಬದಲು 110ರಲ್ಲಿ ಹತ್ತೋಕೆ. ಹಿಂದೆ ಏಳೆಂಟು ಮೀಟರ್ ಉದ್ದದ ಡಬ್ಬ ಕಟ್ಟಿಕೊಂಡು, ಮಕ್ಕಳನ್ನು ಕೂರಿಸಿಕೊಂಡು, ಬೆಟ್ಟದ ತಿರುವಿನಲ್ಲಿ 110 ಯಾರಿಗೆ ಬೇಕು ಸ್ವಾಮಿ?

ಆದರೂ ನಾನು ಕೊಂಡೆ. ಅಂಗಡಿಯವನು ಡೈನೋ ಗ್ರಾಫ್ ತೋರಿಸಿದ, ಗೆರೆ ಮೇಲಕ್ಕೆ ಹೋಗಿತ್ತು, ನನ್ನ ಬುದ್ಧಿ ಕೆಳಕ್ಕೆ. ಜುಲೈ ತಿಂಗಳ ಒಂದು ಶನಿವಾರ ಟ್ರೇಲರ್ ಕಟ್ಟಿ ಹೊರಟೆವು. ಆ ಗಾಡಿಗೆ ನಾನು ಮಾಡಿಸಿದ್ದ ಒಂದೇ ಒಳ್ಳೆ ಕೆಲಸ ಅಂದರೆ ಟರ್ಬೊಗೆ ಮುಂಚೆ ಹೊಗೆಯ ಉಷ್ಣ ಅಳೆಯುವ ಮೀಟರ್ ಹಾಕಿಸಿದ್ದು. ಡೀಸೆಲ್ ಎಳೆಯುವವರು 1,250, 1,300 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಕಾಲು ಎತ್ತು ಅಂತಾರೆ. ಸುರಂಗ ಇನ್ನೂ ಕೆಲವು ಮೈಲಿ ಇರುವಾಗಲೇ ಮುಳ್ಳು 1,400 ದಾಟಿತ್ತು. ಸೆಲ್ಸಿಯಸ್ಸಿನಲ್ಲಿ 760. ನನ್ನ ಎಂಜಿನ್ನಿನ ಪಿಸ್ಟನ್ ಅಲ್ಯೂಮಿನಿಯಂದು. ಶುದ್ಧ ಅಲ್ಯೂಮಿನಿಯಂ 660ಕ್ಕೆ ಕರಗುತ್ತೆ. ಪಿಸ್ಟನ್ನಿನ ಹೊಟ್ಟೆಗೆ ಕೆಳಗಿನಿಂದ ಆಯಿಲ್ ಚಿಮ್ಮಿ ತಣ್ಣಗಿಡುತ್ತೆ, ಅದಕ್ಕೇ ಅದು ತಕ್ಷಣ ಕರಗಲಿಲ್ಲ. ಅಷ್ಟೇ ನನ್ನ ಅದೃಷ್ಟ.

ಕಾರಣ ಸರಳ. ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಜಾಸ್ತಿ ಬೇಕಾದರೆ ಇಂಧನ ಜಾಸ್ತಿ ಹಾಕಬೇಕು. ಅದಕ್ಕೆ ತಕ್ಕ ಗಾಳಿ ಸಿಗದಿದ್ದರೆ ಹೊಗೆ ಬರುತ್ತೆ, ಉಷ್ಣ ಏರುತ್ತೆ. ಆ ಸುರಂಗ ಇರುವುದು 11,000 ಅಡಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಭಾಗ ಮಾತ್ರ. ಟರ್ಬೊ ಏದುಸಿರು ಬಿಡುತ್ತಾ ಸುತ್ತುತ್ತೆ, ಆದರೂ ಸಾಲದು. ಟ್ಯೂನ್ ಮಾಡಿದವನು ಎಲ್ಲೋ ತಗ್ಗಿನ ಊರಿನಲ್ಲಿ, ಬಾಗಿಲು ತೆಗೆದ ಶೆಡ್ಡಿನಲ್ಲಿ, ದೊಡ್ಡ ಫ್ಯಾನ್ ಇಟ್ಟು, ಹತ್ತು ಹದಿನೈದು ಸೆಕೆಂಡ್ ಓಡಿಸಿ ಅಳತೆ ತೆಗೆದಿದ್ದ. ಬೆಟ್ಟದಲ್ಲಿ ನಾನು ಇಪ್ಪತ್ತು ನಿಮಿಷ ಅದೇ ಭಾರದಲ್ಲಿ ನಿಲ್ಲಬೇಕು. ಲ್ಯಾಪ್‌ಟಾಪ್ ಓವರ್‌ಕ್ಲಾಕ್ ಮಾಡಿ ಬೆಂಚ್‌ಮಾರ್ಕ್ ಸ್ಕ್ರೀನ್‌ಶಾಟ್ ಹಾಕೋರಿಗೆ ಇದು ಅರ್ಥವಾಗುತ್ತೆ. ಸ್ಕ್ರೀನ್‌ಶಾಟ್ ತೆಗೆಯೋದು ಒಂದು, ರಾತ್ರಿಯಿಡೀ ಬಿಲ್ಡ್ ಓಡಿಸೋದು ಇನ್ನೊಂದು.

ಕಾರ್ಖಾನೆಯವರು ಇದನ್ನು ಬೇರೆ ಥರ ಅಳೆಯುತ್ತಾರೆ. ಎಳೆಯುವ ಸಾಮರ್ಥ್ಯಕ್ಕೆ ಎಸ್‌ಎಇ ಜೆ2807 ಅಂತ ಒಂದು ಮಾನದಂಡ ಇದೆ. ಅದರ ಮುಖ್ಯ ಪರೀಕ್ಷೆಗೆ ಆಧಾರ ಅರಿಜೋನಾದ ಬುಲ್‌ಹೆಡ್ ಸಿಟಿ ಹತ್ತಿರದ ಡೇವಿಸ್ ಡ್ಯಾಮ್ ಏರು. ಹನ್ನೊಂದು ಮೈಲಿಗೂ ಹೆಚ್ಚು ಉದ್ದ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಪೂರ್ತಿ ಆನ್. ಮಾಮೂಲಿ ಪಿಕಪ್ ಅಲ್ಲಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು, ಏನೂ ಕೆಡಬಾರದು. ಕೇವಲ 40 ಮೈಲಿ. ಎಳೆಯೋ ಕೆಲಸದ ನಿಜವಾದ ಮಿತಿ ವೇಗವಲ್ಲ, ಉಷ್ಣ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಮೂರರದ್ದೂ.

ಬ್ರೇಕ್ ಅಂದೆನಲ್ಲ, ಆ ದಿನದ ಎರಡನೇ ಪಾಠ ಅದೇ. ಸುರಂಗ ದಾಟಿದರೆ ಸಿಲ್ವರ್‌ಥಾರ್ನ್‌ವರೆಗೂ ಇಳಿಜಾರು. ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಅಲ್ಲಿ ಪಕ್ಕದಲ್ಲೇ ದಾರಿ ಕಟ್ಟಿದ್ದಾರೆ. ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಬ್ರೇಕ್ ಮುಟ್ಟಿದರೆ ಗಾಡಿ ತಾನೇ ಗೇರ್ ಇಳಿಸಿ ಎಂಜಿನ್ನಿನಿಂದ ಹಿಡಿದುಕೊಳ್ಳುತ್ತಿತ್ತು. ಹೊಸ ಟ್ಯೂನ್‌ನಲ್ಲಿ ಗೇರ್ ಬೀಳುವ ಲೆಕ್ಕವನ್ನೇ ಬದಲಾಯಿಸಿದ್ದರು. ಗೇರ್ ಇಳಿಯಲೇ ಇಲ್ಲ. ನಾನು ಕೈಯಲ್ಲಿ ಇಳಿಸಿದೆ. ಆದರೆ ಅದು ಹೊಳೆಯುವ ಹೊತ್ತಿಗೆ ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂದಿತ್ತು. ಹಿಂದಿನ ಸೀಟಿನಿಂದ ಮಗಳು "ಅಪ್ಪ, ಏನದು ವಾಸನೆ?" ಅಂದಳು. ಹೆಂಡತಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದದ್ದು ನನಗೆ ಇನ್ನೂ ನೆನಪಿದೆ.

ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ನಮ್ಮೂರಿನ ಡ್ರೈವಿಂಗ್ ಸ್ಕೂಲಿನವರೂ ಹೇಳಿಕೊಡ್ತಾರೆ. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿಯವರು ಅದನ್ನೇ ಮಾಡ್ತಾರೆ, ಹಿಂದೆ ಹತ್ತು ಕಾರು ಹಾರನ್ ಹೊಡೆದರೂ ತಲೆ ಕೆಡಿಸಿಕೊಳ್ಳಲ್ಲ. ಅವರಿಗೆ ಗೊತ್ತಿದ್ದದ್ದು ಎಂಜಿನಿಯರಿಂಗ್ ಓದಿದ ನನಗೆ ಮರೆತಿತ್ತು.

ಈಗ ಡಿಲೀಟ್ ವಿಷಯ. ಡೀಸೆಲ್ ಹೊಗೆಯ ಮಸಿಯನ್ನು ಹಿಡಿದು ಸುಡುವ ಫಿಲ್ಟರ್ ಒಂದಿದೆ, ಡಿಪಿಎಫ್ ಅಂತ. ಸಾರಜನಕದ ಆಕ್ಸೈಡುಗಳನ್ನು ಯೂರಿಯಾ ದ್ರವದಿಂದ ಕಡಿಮೆ ಮಾಡುವ ಇನ್ನೊಂದು ವ್ಯವಸ್ಥೆ ಇದೆ. ಇವನ್ನು ಕಿತ್ತು ಬರೀ ಕೊಳವೆ ಹಾಕಿ, ಇವೆಲ್ಲ ಇನ್ನೂ ಇವೆ ಅಂತ ಕಂಪ್ಯೂಟರನ್ನು ನಂಬಿಸುವುದೇ ಡಿಲೀಟ್. ಮೈಲೇಜ್ ಬರುತ್ತೆ, ಎಂಜಿನ್ ಉಸಿರಾಡುತ್ತೆ, ರಿಪೇರಿ ಇರಲ್ಲ ಅಂತಾರೆ. ಪೂರ್ತಿ ಸುಳ್ಳು ಅನ್ನಲ್ಲ. ಮೊದಮೊದಲ ಡಿಪಿಎಫ್ ಗಾಡಿಗಳು ಮಾಲೀಕರಿಗೆ ಸಾಕಷ್ಟು ಕಾಟ ಕೊಟ್ಟಿವೆ, ಆ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಫಿಲ್ಟರ್ ಕಟ್ಟಿಕೊಳ್ಳೋದು ಹೆಚ್ಚಾಗಿ ಸೂಪರ್‌ಮಾರ್ಕೆಟ್ಟಿಗೆ ಎರಡು ಮೈಲಿ ಓಡುವ ಗಾಡಿಯಲ್ಲಿ. ಭಾರ ಎಳೆದುಕೊಂಡು ಗಂಟೆಗಟ್ಟಲೆ ಓಡುವ ಗಾಡಿಯ ಹೊಗೆ ಬಿಸಿಯಾಗೇ ಇರುತ್ತೆ, ಮಸಿ ತಾನಾಗೇ ಉರಿದುಹೋಗುತ್ತೆ. ಅಂದರೆ ಎಳೆಯೋ ಗಾಡಿಗೆ ಡಿಲೀಟ್ ಬೇಕು ಅನ್ನೋ ವಾದ ತಲೆಕೆಳಗಾಗಿದೆ. ಎಳೆಯೋ ಗಾಡಿಗೇ ಅದು ಎಲ್ಲಕ್ಕಿಂತ ಕಡಿಮೆ ಬೇಕಾದದ್ದು.

2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಅಂದಾಜು ಕೊಟ್ಟಿತು. ಅದರ ಹಿಂದಿನ ಸುಮಾರು ಹತ್ತು ವರ್ಷದಲ್ಲಿ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳನ್ನು ಹೀಗೆ ಡಿಲೀಟ್ ಮಾಡಲಾಗಿದೆ. ಗಾಳಿಯ ಮೇಲೆ ಅದರ ಪರಿಣಾಮ, ನಿಯಮ ಪಾಲಿಸುವ 90 ಲಕ್ಷ ಪಿಕಪ್ಪುಗಳನ್ನು ಹೊಸದಾಗಿ ರಸ್ತೆಗೆ ಬಿಟ್ಟಷ್ಟು. ಇನ್ನೊಮ್ಮೆ ಓದಿ. ಐದೂವರೆ ಲಕ್ಷ ಗಾಡಿ, 90 ಲಕ್ಷ ಗಾಡಿಯ ಹೊಗೆ. ಬೇಸಿಗೆ ಬಂದರೆ ಡೆನ್ವರಿನಲ್ಲಿ ಓಝೋನ್ ಎಚ್ಚರಿಕೆ ಕೊಡ್ತಾರೆ, ಮಕ್ಕಳನ್ನು ಮಧ್ಯಾಹ್ನ ಹೊರಗೆ ಬಿಡಬೇಡಿ ಅಂತ. ಆ ಓಝೋನ್ ಹುಟ್ಟೋದು ಇದೇ ಸಾರಜನಕದ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಾಗ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕರ್ಚೀಫ್ ಮುಚ್ಚಿಕೊಂಡು, ಈ ಊರು ಉದ್ಧಾರ ಆಗಲ್ಲ ಅಂತ ಬೈದು ವಿಮಾನ ಹತ್ತಿದವರು ನಾವು. ಇಲ್ಲಿ ಬಂದು ದುಡ್ಡು ಕೊಟ್ಟು ಫಿಲ್ಟರ್ ಕೀಳಿಸ್ತೀವಿ.

"ಕಂಪನಿಯವರೇ ಮೋಸ ಮಾಡಿಲ್ವಾ?" ಅಂತ ಕೇಳ್ತಾರೆ. ಸಿಕ್ಕಿಬಿದ್ದವರಿದ್ದಾರೆ. 2015ರ ಫೋಕ್ಸ್‌ವ್ಯಾಗನ್ ಹಗರಣ ಎಲ್ಲರಿಗೂ ಗೊತ್ತು. ರ‍್ಯಾಮ್ ಪಿಕಪ್ಪುಗಳ ಎಂಜಿನ್ ವಿಷಯದಲ್ಲಿ ಕಮಿನ್ಸ್ ಕಂಪನಿ ತಪ್ಪು ಒಪ್ಪಿಕೊಳ್ಳದೆ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿದ್ದು 2023ರ ಡಿಸೆಂಬರಿನಲ್ಲಿ. ಆದರೆ ಪಕ್ಕದ ಮನೆಯವನು ಕಸ ಬೀದಿಗೆ ಎಸೆದ ಅಂತ ನಾನೂ ಎಸೆಯೋದು ನ್ಯಾಯವಾ? ಅವರ ಮೇಲೆ ಸಿಟ್ಟಿದ್ದರೆ ಅದೇ ಸಿಟ್ಟು ನಮ್ಮ ಮೇಲೂ ಇರಬೇಕು.

ಹಾಗಾದರೆ ಏನು ಮಾಡ್ಬೇಕು? ಮೊದಲು ಡ್ರೈವರ್ ಬಾಗಿಲು ತೆಗೆದು ಅಲ್ಲಿನ ಸ್ಟಿಕರ್ ಓದಿ. 7,500 ಪೌಂಡ್ ಟ್ರೇಲರ್ ಗಾಡಿಯ ಮೇಲೆ ಹೇರುವ ಮೂತಿಯ ಭಾರ ನೂರಕ್ಕೆ 12 ಅಂತ ಹಿಡಿದರೂ 900 ಪೌಂಡ್. ನಾಲ್ಕು ಜನ ಮತ್ತು ಸಾಮಾನು ಅಂತ ಇನ್ನೊಂದು 600. ಅಲ್ಲಿಗೆ 1,500. ಅರ್ಧ ಟನ್ನಿನ ಪಿಕಪ್ಪಾದರೆ ಸ್ಟಿಕರಿನ ಮಿತಿ ಅಲ್ಲಿಗೇ ಮುಗಿದಿರಬಹುದು. ಯಾವ ಟ್ಯೂನ್ ಕೂಡ ಆ ಅಂಕಿಯನ್ನು ಒಂದು ಪೌಂಡ್ ಕೂಡ ಹೆಚ್ಚಿಸಲ್ಲ. ಆಕ್ಸಲ್, ಸ್ಪ್ರಿಂಗ್, ಟಯರ್, ಬ್ರೇಕ್ ಯಾವುದಕ್ಕೂ ಕೇಬಲ್ ಚುಚ್ಚೋ ಜಾಗ ಇಲ್ಲ. ಪೆಟ್ರೋಲ್ ಗಾಡಿಯಾದರೆ ಇನ್ನೊಂದು ಮಾತು: ಕೊಲರಾಡೊದಲ್ಲಿ 'ರೆಗ್ಯುಲರ್' ಅಂತ ಮಾರೋದು 85 ಆಕ್ಟೇನ್. ಹೆಚ್ಚಿನ ಕಾರ್ಖಾನೆಗಳ ಮ್ಯಾನುಯಲ್ ಕನಿಷ್ಠ 87 ಕೇಳುತ್ತೆ. ಎಳೆಯೋ ದಿನವಾದರೂ ಒಳ್ಳೆ ಪೆಟ್ರೋಲ್ ಹಾಕಿ. ಅದಕ್ಕಿಂತ ಅಗ್ಗದ ಟ್ಯೂನ್ ಇಲ್ಲ.

ಇಷ್ಟಾದ ಮೇಲೂ ಟ್ಯೂನ್ ಬೇಕು ಅನ್ನಿಸಿದರೆ ಅಂಗಡಿಯವನಿಗೆ ಕೇಳಬೇಕಾದದ್ದು "ಎಷ್ಟು ಎಚ್‌ಪಿ?" ಅಂತಲ್ಲ. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ಇದಕ್ಕೆ ಕೊಟ್ಟ ಆದೇಶದ ಸಂಖ್ಯೆ ಯಾವುದು, ಅದು ನನ್ನ ಗಾಡಿಯ ವರ್ಷ, ಎಂಜಿನ್ ಎರಡಕ್ಕೂ ಅನ್ವಯಿಸುತ್ತಾ? ಗೇರ್‌ಬಾಕ್ಸ್‌ನ ಲೆಕ್ಕ ಮುಟ್ಟಿದ್ದೀಯಾ, ಮುಟ್ಟಿದ್ದರೆ ಟೋ ಮೋಡ್, ಎಕ್ಸಾಸ್ಟ್ ಬ್ರೇಕ್ ಮೊದಲಿನಂತೆ ಇರುತ್ತಾ? ಎಂಜಿನ್ ಕಾದಾಗ ತಾನಾಗೇ ಶಕ್ತಿ ತಗ್ಗಿಸುವ ರಕ್ಷಣೆ ಉಳಿಸಿದ್ದೀಯಾ? 1,500 ಆರ್‌ಪಿಎಂನಲ್ಲೇ ಟಾರ್ಕ್ ಸುರಿದು ಕನೆಕ್ಟಿಂಗ್ ರಾಡ್ ಬಗ್ಗಿಸ್ತೀಯಾ, ಇಲ್ಲಾ ಗೇರ್ ಇಳಿದು ಹತ್ತೋಕೆ ಬಿಡ್ತೀಯಾ? ಕೊನೇದಾಗಿ, ಭಾರ ಕಟ್ಟಿ ಉದ್ದದ ಏರು ಹತ್ತಿದ ಒಂದು ಲಾಗ್ ತೋರಿಸು. ಈ ಐದಕ್ಕೆ ನೇರ ಉತ್ತರ ಕೊಟ್ಟವನಿಗೆ ದುಡ್ಡು ಕೊಡಿ. ಮೊದಲ ಪ್ರಶ್ನೆಗೇ ಕಣ್ಣು ಮಿಟುಕಿಸಿದರೆ ಎದ್ದು ಬನ್ನಿ.

ವಾರಂಟಿ ಇದ್ದರೆ ಮುಗಿಯುವ ತನಕ ಕಾಯಿರಿ. ಸ್ಟಾಕ್ ಫೈಲ್ ವಾಪಸ್ ಹಾಕಿದ್ರೆ ಗೊತ್ತಾಗಲ್ಲ ಅನ್ನೋ ಮಾತು ನಂಬಬೇಡಿ. ನಾವೇ ಲಾಗ್ ಬರೆದು ಹೊಟ್ಟೆ ಹೊರೆಯೋರು, ಕಂಪ್ಯೂಟರ್ ಏನೇನು ನೆನಪಿಟ್ಟುಕೊಳ್ಳುತ್ತೆ ಅಂತ ನಮಗೆ ಗೊತ್ತಿಲ್ವಾ?

ನನ್ನ ಗಾಡಿಯಲ್ಲಿ ಈಗಿರುವ ಟ್ಯೂನ್ ಬಗ್ಗೆ ಪಿಕ್ನಿಕ್ಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎಚ್‌ಪಿ ಏರಿದ್ದು ಕೊಂಚ. ಅದೇ ಬೆಟ್ಟ ಹತ್ತುವಾಗ ಗಂಟೆಗೆ 50 ಮೈಲಿ, ಬಲಗಡೆ ಲೇನ್, ಮುಳ್ಳು 1,200 ದಾಟಲ್ಲ. ಇಳಿಯುವಾಗ ಗೇರ್ ತಾನಾಗೇ ಬೀಳುತ್ತೆ. ಕೆಲವರು ಹಾರನ್ ಹೊಡೆದು ಮುಂದೆ ಹೋಗ್ತಾರೆ. ಹೋಗ್ಲಿ.

ಆ ಹುಡುಗನಿಗೆ ಮೆಸೇಜ್ ಹಾಕಿದೀನಿ: "ಟ್ರೇಲರ್ ಬಂದ ಮೇಲೆ ಒಂದ್ಸಲ ಸ್ಟಾಕ್ ಗಾಡಿಯಲ್ಲೇ ಸುರಂಗದ ತನಕ ಹೋಗೋಣ, ನಾನೂ ಬರ್ತೀನಿ. ಹತ್ತಲಿಲ್ಲ ಅಂದ್ರೆ ಟ್ಯೂನಿನ ದುಡ್ಡು ನಂದು." ಇನ್ನೂ ಉತ್ತರ ಬಂದಿಲ್ಲ.