ಕೈಗೆ ಪೆಡಲು ಬೇಡ, ಹ್ಯಾಂಡಲ್ಲೇ ಇರಲಿ

ಕೈಯಿಂದಲೂ ಕಾಲಿನಿಂದಲೂ ಓಡಿಸುವ ಸೈಕಲ್ಲು ಇಂದಿನ ಕಲ್ಪನೆಯಲ್ಲ. 19ನೇ ಶತಮಾನದ ಕೊನೆಯಲ್ಲೇ ಇಂಥ ಗಾಡಿಗಳಿಗೆ ಪೇಟೆಂಟ್ ಪಡೆದವರಿದ್ದರು. ಆಮೇಲೆ ಹಾಲೆಂಡಿನಲ್ಲಿ ದೋಣಿಯ ಹುಟ್ಟು ಎಳೆದಂತೆ ಎಳೆದು ಓಡಿಸುವ ಸೈಕಲ್ಲು ಬಂತು, ಜರ್ಮನಿಯಲ್ಲಿ ಕೈಗೂ ಪೆಡಲಿರುವ ವಾರಿಬೈಕ್ ಬಂತು. ಪ್ರತಿ ಸಲವೂ ಕೇಳಿಬರುವ ವಾದ ಒಂದೇ: ಸೈಕಲ್ಲು ತುಳಿಯುವಾಗ ತೋಳು, ಭುಜ, ಬೆನ್ನು ಹೆಚ್ಚುಕಮ್ಮಿ ಸುಮ್ಮನಿರುತ್ತವೆ, ಅವನ್ನೂ ದುಡಿಸಿದರೆ ವೇಗ ಹೆಚ್ಚುತ್ತದೆ. ಈ ಲೆಕ್ಕ ಸ್ನಾಯುಗಳನ್ನು ಎಣಿಸುತ್ತದೆ, ಆ ಸ್ನಾಯುಗಳಿಗೆ ಆಮ್ಲಜನಕ ಒದಗಿಸುವ ಹೃದಯವನ್ನು ಮರೆಯುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ನಾಲ್ಕಾರು ನಿಮಿಷ ಮೀರಿದ ಯಾವ ಶ್ರಮವೇ ಆಗಲಿ, ಅದರ ಮಿತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಹೃದಯ ನಿಮಿಷಕ್ಕೆ ಎಷ್ಟು ರಕ್ತ ನೂಕಬಲ್ಲದು ಎಂಬುದು. ತೊಡೆಗಳ ದೊಡ್ಡ ಸ್ನಾಯುಗಳು ಆ ಪೂರೈಕೆಯನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಕೊಳ್ಳುವಷ್ಟು ಸಮರ್ಥವಾಗಿವೆ. ಸ್ವೀಡನ್ನಿನ ಶರೀರವಿಜ್ಞಾನಿಗಳಾದ ಓಸ್ಟ್ರಾಂಡ್ ಮತ್ತು ಸಾಲ್ಟಿನ್ 1961ರಲ್ಲೇ ಇದನ್ನು ಅಳೆದು ನೋಡಿದರು. ಬರೀ ಕಾಲಿನಿಂದ ತುಳಿದಾಗಲೂ, ಕೈಕಾಲು ಎರಡನ್ನೂ ಆಡಿಸಿದಾಗಲೂ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಹತ್ತಿರ ಹತ್ತಿರ ಅಷ್ಟೇ ಇತ್ತು. 1977ರಲ್ಲಿ ಡೆನ್ಮಾರ್ಕಿನ ಸೆಕರ್ ಮತ್ತು ಜೊತೆಗಾರರು ಇನ್ನೊಂದು ಸಂಗತಿ ಕಂಡರು: ಕಾಲು ಜೋರಾಗಿ ದುಡಿಯುತ್ತಿರುವಾಗ ಕೈಯನ್ನೂ ಕೆಲಸಕ್ಕೆ ಹಚ್ಚಿದರೆ ಕಾಲಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಬಾವಿಯ ಪಂಪು ಅದೇ ಇರುವಾಗ ತೋಟಕ್ಕೆ ಇನ್ನೊಂದು ಕಾಲುವೆ ತೋಡಿದಂತೆ ಇದು. ಹೊಸ ಕಾಲುವೆಗೆ ಬಂದ ನೀರು ಹಳೆಯದರಿಂದ ಕಳೆದದ್ದೇ.

ಒಂದು ಗ್ರಾಂ ತೂಕಕ್ಕೂ ಒಂದು ವ್ಯಾಟ್ ಶಕ್ತಿಗೂ ಲೆಕ್ಕ ಇಟ್ಟವರು ಏನು ಮಾಡಿದರೆಂದು ನೋಡಿದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1979ರ ಜೂನ್ 12ರಂದು ಬ್ರಯನ್ ಆಲನ್ ಪೆಡಲು ತುಳಿದೇ ವಿಮಾನ ಹಾರಿಸಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. 1988ರಲ್ಲಿ ಗ್ರೀಸಿನ ಸೈಕಲ್ ಪಟು ಕಾನೆಲ್ಲೋಸ್ ಕಾನೆಲ್ಲೋಪೌಲೋಸ್ ಕ್ರೀಟ್‌ನಿಂದ ಸ್ಯಾಂಟೊರಿನಿಯವರೆಗೆ ಸುಮಾರು 115 ಕಿ.ಮೀ. ಹಾರಿದ್ದೂ ಕಾಲಿನ ಬಲದಿಂದಲೇ. ಶಕ್ತಿ ಸ್ವಲ್ಪ ಕುಂದಿದರೂ ಸಮುದ್ರಕ್ಕೆ ಬೀಳುವ ಆ ವಿಮಾನಗಳಿಗೆ ಕೈಯ ನೆರವು ನಿಜಕ್ಕೂ ದಕ್ಕುವಂತಿದ್ದರೆ ಅವುಗಳ ವಿನ್ಯಾಸಕಾರರು ಬಿಡುತ್ತಿದ್ದರೇ? ನೆಲದ ಮೇಲೂ ಹಾಗೆಯೇ. 2016ರಲ್ಲಿ ಅಮೆರಿಕದ ನೆವಾಡಾದಲ್ಲಿ ಟಾಡ್ ರೈಕರ್ಟ್ ಗಂಟೆಗೆ 144.17 ಕಿ.ಮೀ. ವೇಗ ಮುಟ್ಟಿದ್ದು ಗಾಳಿಯನ್ನು ಸೀಳುವ ಕವಚದೊಳಗೆ ಒರಗಿ ಕೂತು, ಕಾಲಿನಿಂದ ತುಳಿದು. ಸೈಕಲ್ಲಿನ ದೊಡ್ಡ ವೈರಿ ಗಾಳಿ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಕೈಗಳಿಂದ ಶೇ. 10ರಷ್ಟು ಹೆಚ್ಚು ಶಕ್ತಿ ಬಂತೆಂದೇ ಒಪ್ಪಿಕೊಳ್ಳೋಣ, 30 ಕಿ.ಮೀ. ವೇಗ 31ಕ್ಕೆ ಏರೀತು, ಅಷ್ಟೇ. ಅದರಲ್ಲೂ ಹೆಚ್ಚುವರಿ ಚೈನು, ಹಲ್ಲುಚಕ್ರ, ಬೇರಿಂಗುಗಳ ತೂಕ ಮತ್ತು ತಿಕ್ಕಾಟದ ಪಾಲನ್ನು ಕಳೆಯಬೇಕು.

ಇದಕ್ಕೆ ಎದುರಾಗಿ ಹೇಳಬಹುದಾದ ಗಟ್ಟಿ ಮಾತುಗಳೂ ಇವೆ. ಕೆಲವೇ ಸೆಕೆಂಡುಗಳ ಓಟದಲ್ಲಿ ಸ್ನಾಯು ತನ್ನಲ್ಲಿ ಕೂಡಿಟ್ಟ ಶಕ್ತಿಯನ್ನೇ ಖರ್ಚುಮಾಡುವುದರಿಂದ ಅಲ್ಲಿ ಕೈಯ ಬಲ ಖಂಡಿತ ಕೂಡುತ್ತದೆ. ಆದರೆ ಆಫೀಸಿಗೋ ಪೇಟೆಗೋ ಹೋಗಿಬರುವ ಸವಾರನ ದಾರಿ ಅರ್ಧ ಗಂಟೆಯದು. ಭಾರ ಹಂಚಿಹೋದರೆ ಕಾಲು ಬೇಗ ಸೋಲುವುದಿಲ್ಲ ಎಂಬುದೂ ನಿಜ. ಅದಕ್ಕೆ ಸೈಕಲ್ಲಿನಲ್ಲಿ ಆಗಲೇ ಗೇರು ಇದೆ. ಹಿಮದ ಮೇಲೆ ದೂರ ಜಾರುವ ಸ್ಕೀ ಪಟುಗಳು ಕೈಕಾಲು ಎರಡನ್ನೂ ಬಳಸುವುದಿಲ್ಲವೇ ಎಂದರೆ, ಅವರಿಗೆ ಪೆಡಲೂ ಇಲ್ಲ, ಗೇರೂ ಇಲ್ಲ. ಕೈಯಲ್ಲಿನ ಕೋಲು ನೇರವಾಗಿ ನೆಲವನ್ನು ನೂಕುತ್ತದೆ. ದೋಣಿ ಸ್ಪರ್ಧೆಯಲ್ಲಂತೂ ಹುಟ್ಟು ಕೈಯಲ್ಲಿದ್ದರೂ ಕಾಲಿನ ಬಲ ಸಿಗಲೆಂದೇ ಜಾರುವ ಆಸನ ಅಳವಡಿಸಿದ್ದಾರೆ.

ನನ್ನನ್ನು ಹೆಚ್ಚು ಕಾಡುವುದು ಸುರಕ್ಷತೆ. ಸೈಕಲ್ಲಿನ ಮೇಲೆ ಕೈಗಳು ಸೋಮಾರಿಗಳಲ್ಲ. ಬೀಳಹೋಗುವ ಗಾಡಿಯನ್ನು ಅವು ಕ್ಷಣಕ್ಷಣಕ್ಕೂ ಹ್ಯಾಂಡಲ್ಲನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ ನಿಲ್ಲಿಸುತ್ತಿರುತ್ತವೆ, ಗುಂಡಿ ತಪ್ಪಿಸುತ್ತವೆ, ಬ್ರೇಕು ಹಿಡಿಯುತ್ತವೆ. ಅದೇ ಕೈಗಳು ಜೋರಾಗಿ ತಿರುಗಿಸುವ ಕೆಲಸವನ್ನೂ ಮಾಡಬೇಕೆಂದರೆ ಒಂದೊಂದು ನೂಕೂ ಗಾಡಿಯ ದಿಕ್ಕನ್ನು ಕದಲಿಸುತ್ತದೆ. ಬಸ್ಸು, ಆಟೊಗಳ ನಡುವೆ ಸಾಗುವವನಿಗೆ ಇದು ಸಣ್ಣ ತೊಡಕಲ್ಲ.

ವ್ಯಾಯಾಮಕ್ಕೆ ಎಂದಾದರೆ ನನಗೆ ಯಾವ ಆಕ್ಷೇಪವೂ ಇಲ್ಲ. ಜಿಮ್‌ಗಳಲ್ಲಿ ನಿಂತಲ್ಲೇ ನಿಂತಿರುವ ಕೈಕಾಲಿನ ಸೈಕಲ್ಲು ಒಳ್ಳೆಯ ಸಾಧನ. ಕಾಲಿನಲ್ಲಿ ಬಲವಿಲ್ಲದವರು ಕೈಪೆಡಲಿನಿಂದ ಓಡಿಸುವ ಮೂರು ಚಕ್ರದ ಗಾಡಿಗೆ ನನ್ನ ಪೂರ್ಣ ಗೌರವವಿದೆ. ಬೆನ್ನುಹುರಿಗೆ ಪೆಟ್ಟಾದವರ ಕಾಲಿನ ಸ್ನಾಯುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಕೈಯೊಂದಿಗೆ ದುಡಿಸುವ ಡಚ್ಚರ ಬರ್ಕಲ್‌ಬೈಕ್‌ಗೂ ಅದೇ ಗೌರವ. ಕಾಲು ಗಟ್ಟಿಯಿರುವವರಿಗೆ ಹೆಚ್ಚು ವೇಗದ ಆಸೆ ತೋರಿಸಿ ದುಬಾರಿ ಬೆಲೆಗೆ ಮಾರುವವರಲ್ಲಿ ಮಾತ್ರ ನಾವು ಒಂದು ಪರೀಕ್ಷೆ ಕೇಳಬೇಕು: ಅದೇ ಸವಾರ, ಅದೇ ರಸ್ತೆ, ಎದೆಬಡಿತವೂ ಅಷ್ಟೇ, ಒಂದು ಗಂಟೆ ಕಾಲಿನಿಂದ ಮಾತ್ರ ಓಡುವ ಮಾಮೂಲಿ ಸೈಕಲ್ಲಿನಲ್ಲಿ, ಇನ್ನೊಂದು ದಿನ ಒಂದು ಗಂಟೆ ಅವರ ಗಾಡಿಯಲ್ಲಿ. ಸಾಗಿದ ದೂರವೆಷ್ಟೆಂದು ಎರಡನ್ನೂ ಬರೆದು ತೋರಿಸಲಿ.