ಸ್ಟ್ಯಾಟಿಕ್ ಅನ್ನೋ ಬಹುವೇಷಧಾರಿ

ನಿನ್ನೆ ಅಕ್ಕನ ಮಗ ಸಿ ಪುಸ್ತಕ ಹಿಡ್ಕೊಂಡು ಬಂದಿದ್ದ. "ಮಾಮ, ಸ್ಟ್ಯಾಟಿಕ್ ಅಂದ್ರೆ ಏನು?" ಬಾಯಿ ತೆಗೆದವನು ಹಾಗೇ ಮುಚ್ಚಿದೆ. ಎಲ್ಲಿ ಬರೆದಿರೋ ಸ್ಟ್ಯಾಟಿಕ್ ಅಂತ ಮೊದಲು ನಾನೇ ಕೇಳಬೇಕಲ್ಲ!

ಫಂಕ್ಷನ್ ಒಳಗೆ ಬರೆದರೆ, ಫಂಕ್ಷನ್ ಮುಗಿದ ಮೇಲೂ ಆ ವೇರಿಯಬಲ್ ತನ್ನ ಬೆಲೆ ಉಳಿಸಿಕೊಳ್ಳುತ್ತೆ. ಸರಿ, ಹೆಸರಿಗೆ ತಕ್ಕ ಕೆಲಸ. ಅದನ್ನೇ ಎಲ್ಲಾ ಫಂಕ್ಷನ್‌ಗಳ ಹೊರಗೆ ಬರೆದರೆ 'ಈ ಹೆಸರು ಬೇರೆ ಫೈಲುಗಳಿಗೆ ಕಾಣಬಾರದು' ಅಂತ ಅರ್ಥ. ಅಲ್ಲಿರೋ ವೇರಿಯಬಲ್ ಹೇಗೂ ಪ್ರೋಗ್ರಾಮ್ ಮುಗಿಯೋವರೆಗೆ ಇದ್ದೇ ಇರುತ್ತೆ, ಸ್ಟ್ಯಾಟಿಕ್ ಹಾಕಿ, ಬಿಡಿ! ಇದಕ್ಕೆ ಬೇರೆ ಪದ ಇಡೋಕೆ ಏನು ದಾಡಿ?

"ಹೊಸ ಕೀವರ್ಡ್ ತಂದರೆ, ಅದೇ ಹೆಸರು ಬಳಸಿರೋ ಹಳೇ ಪ್ರೋಗ್ರಾಮುಗಳು ಕೆಡುತ್ತವೆ" ಅನ್ನೋದು ಮಾಮೂಲಿ ಸಮರ್ಥನೆ. ಒಪ್ಪೋಣ. ಆದರೆ 1999ರ ಸ್ಟ್ಯಾಂಡರ್ಡ್ ನೋಡಿ. ಹಳೇ ಹೆಸರುಗಳಿಗೆ ಡಿಕ್ಕಿ ಹೊಡೆಯದಿರಲಿ ಅಂತ ಮುಂದೊಂದು ಅಂಡರ್‌ಸ್ಕೋರ್, ಆಮೇಲೆ ದೊಡ್ಡ ಅಕ್ಷರದ 'ಬಿ' ಹಾಕಿ ಬೂಲ್ ಕೀವರ್ಡ್ ತಂದರು. ಅಂದ್ರೆ ದಾರಿ ಗೊತ್ತಿತ್ತು! ಅದೇ ಸ್ಟ್ಯಾಂಡರ್ಡಿನಲ್ಲಿ ಸ್ಟ್ಯಾಟಿಕ್‌ಗೆ ಮೂರನೇ ವೇಷ... ಪ್ಯಾರಾಮೀಟರ್ ಆಗಿ ಬರೋ ಅರೇಯ ಚೌಕ ಬ್ರಾಕೆಟ್ ಒಳಗೆ 'ಸ್ಟ್ಯಾಟಿಕ್ 10' ಅಂತ ಬರೆದರೆ, ಕರೆಯೋವ್ನು ಕಡಿಮೆ ಅಂದ್ರೂ ಹತ್ತು ಎಲಿಮೆಂಟ್ ಕೊಡ್ತಾನೆ ಅನ್ನೋ ಭರವಸೆಯಂತೆ.

ಜಿಪುಣತನ ಕಮಿಟಿಯದು, ಬಾಯಿಪಾಠ ಹುಡುಗರದು. "ನಂಗೆ ತಲೆ ಇಲ್ಲ ಬಿಡಿ ಮಾಮ" ಅಂದ. ನಿನ್ನ ತಲೆ ಸರಿಯಾಗೇ ಇದೆ ಕಣೋ ಅಂದೆ.

ನೀವು ಬಳಸೋ ಭಾಷೆಯಲ್ಲೂ ಇಂಥ ವೇಷಧಾರಿಗಳಿದ್ರೆ ಹೇಳಿ, ಸೇರಿ ಬೈಯೋಣ :)