ಗೆಜ್ಜೆಯ ಸದ್ದು, ಸೈಲೆನ್ಸರಿನ ಸದ್ದು

ರಾತ್ರಿ ಊಟ ಮುಗಿಸಿ, ಎಲೆ-ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಒಂದು ಗಳಿಗೆ ಕೂಡುವುದು ನಮ್ಮ ಕಳಸಾಪುರದ ಹಿರಿಯರ ಹಳೆಯ ರೂಢಿ. ಮೊನ್ನೆ ಹಾಗೆ ಕೂತಿದ್ದಾಗ ಗದಗಿನ ಕಡೆಯಿಂದ ಮೊದಲು ಒಂದು ಸದ್ದು ಬಂತು. ಆಮೇಲೆ ಬೆಳಕು, ಅದರ ಹಿಂದೆ ಕಾರು. ಕಟ್ಟೆಯ ಎದುರಿಗೇ ನಿಂತಿತು. ನಿಂತ ಮೇಲೂ ಒಳಗಿದ್ದ ಹುಡುಗ ಎರಡು ಸಲ ಆಕ್ಸಿಲರೇಟರ್ ತುಳಿದು ಗುಡುಗಿಸಿದ. ಎದುರು ಮನೆಯಲ್ಲಿ ತೊಟ್ಟಿಲ ಕೂಸು ಚೀರಿತು. ಓಣಿಯ ನಾಯಿಗಳು ಒಟ್ಟಾಗಿ ಬೊಗಳಿದವು.

ಹುಡುಗ ನಮ್ಮವನೇ, ನಾನು ಎತ್ತಿ ಆಡಿಸಿದವನು. ಇಳಿದು ಬಂದು, “ಅಜ್ಜಾರ, ಹೊಸಾ ಸೈಲೆನ್ಸರ್ ಹಾಕಿಸೇನ್ರಿ, ಹೆಂಗೈತ್ರಿ?” ಎಂದ. “ಹಳೇದಕ್ಕ ಏನಾಗಿತ್ತಪಾ?” ಎಂದೆ. “ಏನೂ ಆಗಿರಲಿಲ್ರಿ. ಆದ್ರ ಸೌಂಡ್ ಇರಲಿಲ್ಲಲ್ರಿ” ಎಂದ. ಸದ್ದು ಬರಬಾರದೆಂದೇ ಅದಕ್ಕೆ ಸೈಲೆನ್ಸರ್ ಎಂದು ಹೆಸರಿಟ್ಟಿದ್ದಾರೆ ಎಂದು ಹೇಳಿದೆ. ಅವನು ನಕ್ಕ. ನಕ್ಕು, ಇಂದಿನ ಎಲ್ಲ ಹುಡುಗರ ಬಾಯಲ್ಲಿರುವ ಆ ಮಾತನ್ನು ಆಡಿದ: “ನನ್ನ ಗಾಡಿ, ನನ್ನ ರೊಕ್ಕ. ಯಾರಿಗೇನ ತ್ರಾಸ್ರಿ ಅಜ್ಜಾರ?”

ಆ ರಾತ್ರಿ ಉತ್ತರ ಕೊಡಲಿಲ್ಲ. ಈ ಲೇಖನವೇ ಅದಕ್ಕೆ ಉತ್ತರ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಗಾಡಿ ಕಂಡರೆ ಮೂಗು ಮುರಿಯುವ ಪೈಕಿಯವನಲ್ಲ. “ಕಾರೆಂದರೆ ಇಲ್ಲಿಂದ ಅಲ್ಲಿಗೆ ಹೋಗುವ ಸಾಧನ, ಅದಕ್ಕೇಕೆ ಇಷ್ಟು ಶೃಂಗಾರ?” ಎನ್ನುವ ಒಣ ವೇದಾಂತಿಗಳ ಜೊತೆಗೂ ನನ್ನ ಜಗಳವಿದೆ. ತೊಂಬತ್ತರ ದಶಕದ ಆರಂಭದಲ್ಲಿ ನಾನೊಂದು ಹಳೆಯ ಪ್ರೀಮಿಯರ್ ಪದ್ಮಿನಿ ಕೊಂಡೆ. ನಮ್ಮ ಬಾಯಲ್ಲಿ ಅದು ಫಿಯೆಟ್ಟೇ. 1089 ಸಿಸಿಯ ಇಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಬೈದು, ರಮಿಸಿ ಎಬ್ಬಿಸಬೇಕು. ಒಮ್ಮೆ ಎದ್ದಿತೆಂದರೆ ಅದರ ಸುಖವೇ ಬೇರೆ. ಹಿಂಗಾರಿ ಬಿಳಿಜೋಳ ತೆನೆ ಹಿರಿಯುವ ಕಾಲಕ್ಕೆ ಮುಂಡರಗಿ ರಸ್ತೆ ಹಿಡಿದು ಡಂಬಳದ ಕೆರೆಯವರೆಗೆ ಹೋಗಿಬರುತ್ತಿದ್ದೆ. ಗಾಜು ಇಳಿಸಿದರೆ ಒಂದು ಕಡೆ ಕಪ್ಪತಗುಡ್ಡದ ಗಾಳಿ, ಇನ್ನೊಂದು ಕಡೆ ಎರೆಹೊಲದ ಕಡಲೆಯ ಹುಳಿ ವಾಸನೆ. ಕೈಯಲ್ಲಿ ಸ್ಟೇರಿಂಗ್ ಸಣ್ಣಗೆ ನಡುಗುತ್ತಿತ್ತು. ಎಲ್ಲಿಗೂ ಹೋಗಬೇಕಾಗಿಲ್ಲದೆ ಸುಮ್ಮನೆ ಗಾಡಿ ಹೊಡೆಯುವುದರಲ್ಲಿ ಒಂದು ಆನಂದವಿದೆ. ಅದನ್ನು ಉಂಡವನೇ ಬಲ್ಲ.

ಶೃಂಗಾರದ ವಿಷಯಕ್ಕೆ ಬಂದರೆ, ಗಾಡಿ ಸಿಂಗರಿಸುವುದನ್ನು ಇಂದಿನ ಹುಡುಗರು ಪೇಟೆಯಿಂದ ಕಲಿತು ಬಂದಿಲ್ಲ. ಅದು ನಮ್ಮ ನೆಲದ್ದೇ ಬುದ್ಧಿ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೊರಟ ಸವಾರಿ ಚಕ್ಕಡಿಯನ್ನು ನೆನಪಿಸಿಕೊಳ್ಳಿರಿ. ಎತ್ತಿನ ಬೆನ್ನಿಗೆ ಝೂಲ, ಕೊಂಬಿಗೆ ಕೊಂಬಣಸು, ಕೊರಳಿಗೆ ಗೆಜ್ಜೆಸರ. ಬಡಿಗ ಗಾಲಿಯನ್ನು ಕೆತ್ತಿ ಕೂಡಿಸಿದರೆ, ಕಮ್ಮಾರ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ತೊಡಿಸಿ, ನೀರು ಸುರಿದು ಬಿಗಿ ಹಿಡಿಸುತ್ತಿದ್ದ. ಒಬ್ಬರ ಚಕ್ಕಡಿ ಇನ್ನೊಬ್ಬರದರಂತೆ ಇರುತ್ತಿರಲಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಸಾಲಿನಲ್ಲಿ ಇದು ಇಂಥವರ ಮನೆಯದೆಂದು ದೂರದಿಂದಲೇ ಗುರುತಿಸುತ್ತಿದ್ದರು. ಆ ಚಕ್ಕಡಿ ಹೋಗಿ ಟ್ರ್ಯಾಕ್ಟರು ಬಂದಾಗ ಅದರ ಮೂತಿಗೂ ನಾವು ಗೊಂಡೆ ಕಟ್ಟಿದೆವು. ಮಹಾನವಮಿಯ ಖಂಡೇಪೂಜೆಯ ದಿನ ಸೈಕಲ್ಲಿಗೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಇದನ್ನು ಬೇಡವೆನ್ನುವವನು ನಮ್ಮವನಲ್ಲ.

ಹಾಗಾದರೆ ನನ್ನ ತಕರಾರೇನು? ಅದನ್ನು ಹೇಳಲು ನನ್ನದೇ ಒಂದು ಪಾಪವನ್ನು ಹೇಳಿಕೊಳ್ಳಬೇಕು.

ಫಿಯೆಟ್ ಕೊಂಡ ಎರಡನೆಯ ವರ್ಷ ನನಗೂ ಹುಚ್ಚು ಏರಿತು. ಕಂಪನಿ ಕೊಟ್ಟ ದೀಪ ಮಂಕೆಂದು 100/90 ವಾಟಿನ ಹ್ಯಾಲೋಜನ್ ಬಲ್ಬು ಹಾಕಿಸಿದೆ. ಅದೂ ಸಾಲದೆಂದು ಬಂಪರಿನ ಮೇಲೆ ಎರಡು ದೊಡ್ಡ ಲ್ಯಾಂಪು ಕೂಡಿಸಿದೆ. ರಾತ್ರಿ ಹಚ್ಚಿದರೆ ರಸ್ತೆ ಹಗಲಾಗುತ್ತಿತ್ತು. ಗೆಳೆಯರು ಹೊಗಳಿದರು, ನಾನು ಉಬ್ಬಿದೆ. ಒಂದು ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಗದಗಿನಿಂದ ಊರಿಗೆ ಬರುತ್ತಿದ್ದೆ. ಎದುರಿಗೆ ಒಂದು ಚಕ್ಕಡಿ. ದೀಪ ಇಳಿಸಬೇಕೆಂದು ನನಗೆ ತೋಚಲಿಲ್ಲ. ಇಳಿಸಿದ್ದರೂ ಬಂಪರಿನ ಲ್ಯಾಂಪುಗಳಿಗೆ ಇಳಿಸುವ ಗುಂಡಿಯೇ ಇರಲಿಲ್ಲ. ಎತ್ತಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿ ಚಿಮ್ಮಿಸುವ ಪದರವೊಂದಿದೆ. ಆ ಕಾರಣಕ್ಕೇ ಅದಕ್ಕೆ ಕತ್ತಲಲ್ಲಿ ನಮಗಿಂತ ಚೆನ್ನಾಗಿ ಕಾಣುತ್ತದೆ, ಆ ಕಾರಣಕ್ಕೇ ದೀಪ ಬಿದ್ದರೆ ಕಣ್ಣು ಮಿಂಚುತ್ತದೆ. ಇದನ್ನು ನಾನು ಓದಿದ್ದು ಆಮೇಲೆ. ಅಂದು ಕಂಡದ್ದು ನಾಲ್ಕು ಹಸಿರು ಕಿಡಿಗಳು ಮಾತ್ರ. ಮರುಗಳಿಗೆಗೆ ಕಿಡಿಗಳು ಒಂದು ಬದಿಗೆ ವಾಲಿದವು, ಚಕ್ಕಡಿ ರಸ್ತೆಯ ಪಕ್ಕದ ತಗ್ಗಿಗೆ ಇಳಿಯಿತು.

ಹೊಡೆಯುತ್ತಿದ್ದ ಮುದುಕನಿಗೆ ಮೊಣಕೈ ತರಚಿತ್ತು, ಅಷ್ಟೆ. ಆದರೆ ಬಲಗಡೆಯ ಎತ್ತಿನ ಮುಂಗಾಲು ಮುರಿದಿತ್ತು. ಆತ ನನ್ನನ್ನು ಬೈಯಲಿಲ್ಲ. ಎತ್ತಿನ ಕೊರಳಿನ ಗೆಜ್ಜೆಸರ ಬಿಚ್ಚುತ್ತ, “ತಮ್ಮಾ, ನಿನ್ನ ಗಾಡಿಗೆ ನಾಕ ಕಣ್ಣ ಹಚ್ಚೀದಿ. ನನ್ನ ಎತ್ತಿಗೆ ಇದ್ದೂವ ಎರಡು, ಅವನ್ನೂ ಕಸಗೊಂಡಿ” ಎಂದ.

ಎತ್ತಿನ ಬೆಲೆ ಕೊಟ್ಟೆ. ಜೋಡಿಯ ಬೆಲೆ ಕೊಡಲಾಗಲಿಲ್ಲ. ಕೂಡಿ ಬೆಳೆದು, ಕೂಡಿ ನೊಗ ಹೊತ್ತ ಎತ್ತುಗಳು ಅವು. ಉಳಿದ ಒಂಟಿ ಎತ್ತು ಹೊಸ ಎತ್ತಿಗೆ ಹೊಂದಲಿಲ್ಲ. ಆ ವರ್ಷ ಆತ ಹೊಲವನ್ನು ಲಾವಣಿಗೆ ಹಾಕಿದನೆಂದು ಕೇಳಿದೆ. ನನ್ನ ಎರಡು ಲ್ಯಾಂಪುಗಳಿಗಾಗಿ ಒಂದು ಮನೆಯ ಬೇಸಾಯ ನಿಂತಿತು. ಮಾರನೆಯ ದಿನವೇ ಅವನ್ನು ಕೀಳಿಸಿದೆ. ಕಿತ್ತ ತೂತುಗಳು ಬಂಪರಿನಲ್ಲಿ ಹಾಗೆಯೇ ಇದ್ದವು. ಮುಚ್ಚಿಸಲು ಮನಸ್ಸಾಗಲಿಲ್ಲ.

ಆದ್ದರಿಂದ “ನನ್ನ ಗಾಡಿ, ನನ್ನ ರೊಕ್ಕ” ಎನ್ನುವ ಹುಡುಗನಿಗೆ ನನ್ನ ಉತ್ತರ ಇದು: ಗಾಡಿ ನಿನ್ನದು, ಹೌದು. ಆದರೆ ಗಾಡಿಯಿಂದ ಹೊರಬಿದ್ದ ಬೆಳಕು ನಿನ್ನದಲ್ಲ. ಅದು ಎದುರಿನವನ ಕಣ್ಣಿನದು. ಹೊರಬಿದ್ದ ಸದ್ದು ತೊಟ್ಟಿಲ ಕೂಸಿನ ಕಿವಿಯದು. ಹೊರಬಿದ್ದ ಹೊಗೆ ಹಿಂದೆ ಸೈಕಲ್ ತುಳಿಯುವವನ ಎದೆಯದು. ಸೀಟಿಗೆ ರೇಷ್ಮೆ ಹೊದಿಸು, ಡ್ಯಾಶ್‌ಬೋರ್ಡಿನ ಮೇಲೆ ವೀರನಾರಾಯಣನನ್ನು ಕೂಡಿಸು, ಒಳಗೆ ನಿನಗೊಬ್ಬನಿಗೇ ಕೇಳುವಷ್ಟು ಭೀಮಸೇನ ಜೋಶಿಯವರನ್ನು ಹಾಡಿಸು. ಯಾರೂ ಕೇಳುವುದಿಲ್ಲ. ಬಾಗಿಲು ದಾಟಿ ಹೊರಬಂದದ್ದಕ್ಕೆ ಮಾತ್ರ ನೀನು ಲೆಕ್ಕ ಕೊಡಬೇಕು.

“ಗೆಜ್ಜೆಗೂ ಸದ್ದಿತ್ತಲ್ಲ?” ಎಂದು ಜಾಣರು ಕೇಳಬಹುದು. ಇತ್ತು. ಕತ್ತಲ ಹಾದಿಯಲ್ಲಿ ಗೆಜ್ಜೆ “ನಾನು ಬರುತ್ತಿದ್ದೇನೆ, ಜೋಕೆ” ಎಂದು ಎದುರಿನವನಿಗೆ ಹೇಳುತ್ತಿತ್ತು. ಈ ಸೈಲೆನ್ಸರು “ನಾನು ಬಂದೆ, ಸರಿ ಅತ್ತ” ಎನ್ನುತ್ತದೆ. ಮೊದಲನೆಯದು ಎದುರಿನವನ ಮೇಲಿನ ಕಾಳಜಿ, ಎರಡನೆಯದು ಅವನ ಮೇಲಿನ ದರ್ಪ.

ಇನ್ನು, ಇವರು ಮಾಡುವ ಮಾರ್ಪಾಡಿನಿಂದ ಗಾಡಿಗಾದರೂ ಒಳ್ಳೆಯದಾಗುತ್ತದೆಯೇ? ಸೈಲೆನ್ಸರ್ ಬರಿಯ ಕೊಳವೆಯಲ್ಲ. ಅದರೊಳಗೆ ಕೋಣೆಗಳಿವೆ, ತೂತಿನ ನಳಿಕೆಗಳಿವೆ. ಇಂಜಿನ್ನಿನಿಂದ ಬಂದ ಸದ್ದಿನ ಅಲೆಗಳು ಅಲ್ಲಿ ಒಂದಕ್ಕೊಂದು ಬಡಿದು ತಣಿಯುತ್ತವೆ. ಅದಕ್ಕೂ ಮುಂಚೆ ವಿಷದ ಹೊಗೆಯನ್ನು ಸೌಮ್ಯ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಎಷ್ಟೋ ಕಡೆ ಸದ್ದಿನ ಆಸೆಗೆ ಅದನ್ನೂ ಕೊಯ್ದು ಬಿಸಾಡುತ್ತಾರೆ. ಸದ್ದು ಹತ್ತು ಡೆಸಿಬಲ್ ಏರಿತೆಂದರೆ ಅದರ ಶಕ್ತಿ ಹತ್ತು ಪಟ್ಟು ಏರಿತೆಂದು ಅರ್ಥ. ದೀಪದ ಕಥೆಯೂ ಅಷ್ಟೆ. 60/55 ವಾಟಿಗೆಂದು ಹಾಕಿದ ತಂತಿಗೆ 100 ವಾಟು ಹೊರಿಸಿದರೆ ಹೋಲ್ಡರ್ ಕರಗುತ್ತದೆ, ಕೆಲವೊಮ್ಮೆ ಗಾಡಿಯೇ ಹೊತ್ತಿಕೊಳ್ಳುತ್ತದೆ. ಹ್ಯಾಲೋಜನ್ ಬಲ್ಬಿಗೆಂದು ಮಾಡಿದ ದೀಪದ ಬಟ್ಟಲಿಗೆ ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಗೆ ಬೀಳದೆ ದಿಕ್ಕಾಪಾಲಾಗಿ ಚೆಲ್ಲುತ್ತದೆ. ಮುಂದೆ ಕಟ್ಟುವ ಕಬ್ಬಿಣದ ಗಾರ್ಡಿನಿಂದ ಪೆಟ್ಟನ್ನು ನುಂಗಬೇಕಾದ ಮುಂಭಾಗ ನುಂಗುವುದಿಲ್ಲ, ಏರ್‌ಬ್ಯಾಗ್ ಸಮಯಕ್ಕೆ ಸರಿಯಾಗಿ ತೆರೆಯದೆ ಹೋಗಬಹುದು. ಎದುರು ನಡೆದು ಬರುವವನಿಗಂತೂ ಅದು ಗುದ್ದಲಿಯೇ ಸರಿ. ಈ ಕಾರಣಕ್ಕೆ 2017ರ ಡಿಸೆಂಬರಿನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮ ಕೈಗೊಳ್ಳಿರೆಂದು ರಾಜ್ಯಗಳಿಗೆ ಬರೆಯಿತು.

ಕಾನೂನು ಸುಮ್ಮನಿದೆಯೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಿಸಬಾರದು ಎನ್ನುತ್ತದೆ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಾಜಿಗೆ ಅಂಟಿಸುವ ಕಪ್ಪು ಫಿಲಮಿಗೆ ತಡೆ ಹಾಕಿತು. ಮುಂದಿನ, ಹಿಂದಿನ ಗಾಜಿನಲ್ಲಿ ನೂರಕ್ಕೆ 70ರಷ್ಟು, ಪಕ್ಕದ ಗಾಜಿನಲ್ಲಿ 50ರಷ್ಟು ಬೆಳಕು ಹಾಯಲೇಬೇಕೆಂಬುದು ನಿಯಮ. 2019ರ ಜನವರಿಯಲ್ಲಿ ಅದೇ ನ್ಯಾಯಾಲಯ ತಯಾರಕರು ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲವೆಂದು ಹೇಳಿತು. ಆ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಆದರೆ ಕಾನೂನಿನ ಪುಸ್ತಕ ಕಪಾಟಿನಲ್ಲಿರುತ್ತದೆ, ಸೈಲೆನ್ಸರು ಓಣಿಯಲ್ಲಿರುತ್ತದೆ. ದಂಡ ಕಟ್ಟಿದ ರಸೀದಿಯನ್ನೇ ಗೆಳೆಯರಿಗೆ ತೋರಿಸಿ ಮೀಸೆ ತಿರುವುವ ಕಾಲವಿದು.

ನ್ಯಾಯವಾಗಿ ಹೇಳಬೇಕೆಂದರೆ, ಅದೇ ಕಾಯ್ದೆ ಒಂದು ಬಾಗಿಲನ್ನು ತೆರೆದೂ ಇಟ್ಟಿದೆ. ಅಂಗವಿಕಲರ ಉಪಯೋಗಕ್ಕಾಗಿ ಗಾಡಿಯನ್ನು ಬದಲಿಸಿಕೊಳ್ಳಲು ಅದರಲ್ಲಿ ಅವಕಾಶವಿದೆ. ಕಾಲಿನ ಬಲವಿಲ್ಲದವರೊಬ್ಬರು ಸ್ಕೂಟರಿನ ಹಿಂದೆ ಎರಡು ಪಕ್ಕದ ಗಾಲಿ ಹಾಕಿಸಿಕೊಂಡು, ಊರುಗೋಲನ್ನು ಬದಿಗೆ ಸಿಗಿಸಿಕೊಂಡು ಕಚೇರಿಗೆ ಹೊರಟಿದ್ದನ್ನು ನೀವು ಕಂಡಿರಬೇಕು. ಗಾಡಿಯನ್ನು ತನ್ನದಾಗಿಸಿಕೊಳ್ಳುವುದು ಎಂಬ ಮಾತಿಗೆ ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಅರ್ಥವಿಲ್ಲ.

ಪ್ರೀತಿಯ ಮಾತನ್ನೇ ಆಡುವುದಾದರೆ ಅದಕ್ಕೂ ನಮ್ಮ ನಾಡಿನಲ್ಲಿ ಮಾದರಿಗಳಿವೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿ ಸಂಗ್ರಹಿಸಿಟ್ಟ ಹಳೆಯ ಕಾರುಗಳನ್ನು ನೋಡಿ ಬರಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಮಾಡತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರೂ ಗೇರೂ ಒಂದೇ ಕೋಲಿನಲ್ಲಿದ್ದ ಆ ಜಾವಾ, ಯೆಜ್ಡಿಗಳನ್ನು ಇಂದಿಗೂ ಬಿಡಿಭಾಗ ಹುಡುಕಿ ಹುಡುಕಿ ಓಡಿಸುತ್ತಿರುವವರು ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಒಂದೆಡೆ ಕಲೆತು ಪರಸ್ಪರ ಅನುಭವ ಹೇಳಿಕೊಳ್ಳುತ್ತಾರೆ. ಅವರ ಹೆಮ್ಮೆ ಕಾರ್ಖಾನೆಯಿಂದ ಬಂದಂತೆಯೇ ಗಾಡಿಯನ್ನು ಉಳಿಸಿಕೊಳ್ಳುವುದರಲ್ಲಿದೆ. ಗದಗಿನಲ್ಲಿ ನನ್ನ ಫಿಯೆಟ್ ನೋಡುತ್ತಿದ್ದ ಮಿಸ್ತ್ರಿಯೊಬ್ಬರು ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ, ಯಾವ ಟ್ಯಾಪೆಟ್ ಸಡಿಲವಾಗಿದೆಯೆಂದು ಹೇಳುತ್ತಿದ್ದರು. ಗಾಡಿಯ ಮಾತನ್ನು ಕೇಳುವುದೆಂದರೆ ಅದು. ಇಂದಿನ ನಮ್ಮ ಹುಡುಗನಿಗೆ ತನ್ನ ಕಾರಿನ ಟೈರಿಗೆ ಎಷ್ಟು ಗಾಳಿ ಬೇಕೆಂಬುದು ಗೊತ್ತಿಲ್ಲ. ಆದರೆ ಅದರ ಸದ್ದು ಅರ್ಧ ಊರಿಗೆ ಗೊತ್ತು.

ಇದರಲ್ಲಿ ಹುಡುಗನೊಬ್ಬನದೇ ತಪ್ಪೆಂದು ನಾನು ಹೇಳುವುದಿಲ್ಲ. ಮಗ ಕೇಳಿದನೆಂದು ಮೆಣಸಿನಕಾಯಿ ಮಾರಿದ ರೊಕ್ಕ ಎಣಿಸಿಕೊಟ್ಟ ಅಪ್ಪನದೂ ಇದೆ. ಕೂಲಿ ಸಿಗುತ್ತದೆಂದು ಕಣ್ಣು ಮುಚ್ಚಿ ಕೊಯ್ದು ಕೊಟ್ಟ ಗ್ಯಾರೇಜಿನವನದೂ ಇದೆ. ಕಟ್ಟೆಯ ಮೇಲೆ ಕೂತು ಆ ರಾತ್ರಿ ಬಾಯಿ ಬಿಡದ ನನ್ನದೂ ಇದೆ. “ಹುಡುಗರು, ವಯಸ್ಸು” ಎಂದು ನಾವು ಬಿಡುತ್ತೇವೆ. ನನಗೂ ಹಾಗೆಯೇ ಬಿಟ್ಟಿದ್ದರು. ಬಿಟ್ಟದ್ದಕ್ಕೆ ಬೆಲೆ ತೆತ್ತದ್ದು ನಾನಲ್ಲ, ಒಂದು ಎತ್ತು.

ನನ್ನ ಫಿಯೆಟ್ ಈಗ ಓಡುವುದಿಲ್ಲ. ಹಿತ್ತಲ ಶೆಡ್ಡಿನಲ್ಲಿ ನಿಂತಿದೆ. ನಾಳೆ ಭಾನುವಾರ. ಹುಡುಗನನ್ನು ಕರೆದಿದ್ದೇನೆ, ಗಾಡಿ ತೋರಿಸುತ್ತೇನೆಂದು. ಬಂಪರಿನ ಮೇಲಿನ ಆ ಎರಡು ತೂತು ಯಾತಕ್ಕೆಂದು ಅವನು ಕೇಳೇ ಕೇಳುತ್ತಾನೆ. ಈ ಸಲ ಉತ್ತರ ಕೊಡದೆ ಕಳಿಸುವುದಿಲ್ಲ.